ರಾಸಾಯನಿಕ ಎಂಜಿನಿಯರಿಂಗ್ ವಿಭಾಗದ ಒಂದು ವರ್ಷ: ತುಂಗಭದ್ರೆಯ ದಡದಿಂದ ಒಂದು ಅವಲೋಕನ

ಅಮಾವಾಸ್ಯೆ ಬಂತೆಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ನಾಡಿನ ನಾನಾ ಭಾಗಗಳಿಂದ ಭಕ್ತರು ಬರುತ್ತಾರೆ. ತುಂಗಭದ್ರೆಯಲ್ಲಿ ಮಿಂದು, ಅಜ್ಜಯ್ಯನೆಂದು ಜನ ಕರೆಯುವ ಶ್ರೀ ಕರಿಬಸವೇಶ್ವರರ ಗದ್ದುಗೆಗೆ ನಮಿಸಿ, ಹಗುರವಾದ ಮನಸ್ಸಿನಿಂದ ಊರಿಗೆ ಮರಳುತ್ತಾರೆ. ಮೀಯುವ ನೀರು ಶುದ್ಧವಾಗಿರಬೇಕೆಂಬುದು ಎಲ್ಲರ ಅಪೇಕ್ಷೆ. ಆದರೆ ಶುದ್ಧವೆಂದರೆ ಏನು, ಅದನ್ನು ಅಳೆಯುವುದು ಹೇಗೆ, ಕೆಟ್ಟರೆ ಸರಿಪಡಿಸುವವರು ಯಾರು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಇವುಗಳಿಗೆ ಉತ್ತರ ಹುಡುಕುವುದನ್ನೇ ಕಾಯಕ ಮಾಡಿಕೊಂಡ ಒಂದು ವಿದ್ಯೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದು ರಾಸಾಯನಿಕ ಎಂಜಿನಿಯರಿಂಗ್. ಅಂತಹ ವಿಭಾಗವೊಂದರಲ್ಲಿ ವರ್ಷವಿಡೀ ಏನು ನಡೆಯುತ್ತದೆ, ಅದಕ್ಕೂ ನಮ್ಮ ನದಿಗೂ ಇರುವ ನಂಟೇನು ಎಂಬುದನ್ನು ಭಕ್ತರಿಗೂ ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ವಿದ್ಯೆಯ ಹಿನ್ನೆಲೆ

ರಸಾಯನಶಾಸ್ತ್ರಜ್ಞನು ಗಾಜಿನ ಪಾತ್ರೆಯಲ್ಲಿ ಮಾಡಿ ತೋರಿಸಿದ್ದನ್ನು ಸಾವಿರಾರು ಲೀಟರುಗಳ ಪ್ರಮಾಣದಲ್ಲಿ, ಅಪಾಯವಿಲ್ಲದಂತೆ, ಕಡಿಮೆ ವೆಚ್ಚದಲ್ಲಿ ಮಾಡುವ ವಿದ್ಯೆಯೇ ರಾಸಾಯನಿಕ ಎಂಜಿನಿಯರಿಂಗ್. 1887ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಡೇವಿಸ್ ನೀಡಿದ ಉಪನ್ಯಾಸಗಳು ಈ ವಿದ್ಯೆಗೆ ತಳಹದಿಯಾದವು. ಮರುವರ್ಷವೇ ಅಮೆರಿಕದ ಎಂಐಟಿಯಲ್ಲಿ ಇದರ ಪಠ್ಯಕ್ರಮ ಆರಂಭವಾಯಿತು. ಭಾರತದಲ್ಲಿ ಈ ವೃತ್ತಿಯವರ ಸಂಸ್ಥೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಎಂಜಿನಿಯರ್ಸ್ ಹುಟ್ಟಿದ್ದು 1947ರಲ್ಲಿ.

ನಮ್ಮ ನಾಡಿನಲ್ಲಿ ವಿದ್ಯಾಲಯಗಳಿಗಿಂತ ಮೊದಲೇ ಕಾರ್ಖಾನೆಗಳು ಬಂದವು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ ಶ್ರೀಗಂಧದ ಎಣ್ಣೆ ಮತ್ತು ಸಾಬೂನಿನ ಉದ್ಯಮಗಳಿಗೆ ಅಡಿಪಾಯ ಬಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಜೊತೆಗೆ ಕಟ್ಟಿಗೆಯನ್ನು ಬಟ್ಟಿ ಇಳಿಸುವ ಘಟಕವೂ ಇತ್ತು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ವ್ಯರ್ಥವಾಗಿ ಬಿಡದೆ ತಂಪುಗೊಳಿಸಿ ರಾಸಾಯನಿಕಗಳನ್ನು ಪಡೆಯುವುದು ಆ ಘಟಕದ ಕೆಲಸ. ಹೊಗೆಯಲ್ಲಿಯೂ ಸಂಪತ್ತಿದೆ ಎಂಬ ಈ ತಿಳಿವು ರಾಸಾಯನಿಕ ಎಂಜಿನಿಯರಿಂಗಿನ ಮೂಲ ಪಾಠಗಳಲ್ಲೊಂದು.

ದಾವಣಗೆರೆಯಲ್ಲಿ ತಾಂತ್ರಿಕ ಶಿಕ್ಷಣದ ಪರಂಪರೆ 1951ರಲ್ಲಿ ಸ್ಥಾಪನೆಯಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಿಂದ ಮೊದಲಾಗುತ್ತದೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯು 1979ರಲ್ಲಿ ಬಾಪೂಜಿ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ಅಂಡ್ ಟೆಕ್ನಾಲಜಿಯನ್ನು ಆರಂಭಿಸಿತು. ಅಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಒಂದು ಶಾಖೆಯಾಗಿ ನಡೆದುಬಂದಿದೆ. ಶ್ರೀ ಸಿದ್ಧಗಂಗಾ ಮಠವು 1963ರಲ್ಲಿ ತುಮಕೂರಿನಲ್ಲಿ ತೆರೆದ ತಾಂತ್ರಿಕ ಮಹಾವಿದ್ಯಾಲಯದಲ್ಲಿಯೂ ಈ ವಿಭಾಗವಿದೆ. ಬೆಳಗಾವಿಯಲ್ಲಿ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ತಾಂತ್ರಿಕ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಆ ವ್ಯಾಪ್ತಿಯ ವಿಭಾಗವೊಂದರ ವರ್ಷವು ಸ್ಥೂಲವಾಗಿ ಹೇಗೆ ಸಾಗುತ್ತದೆಂಬುದನ್ನು ಮುಂದೆ ವಿವರಿಸಿದ್ದೇವೆ.

ಮಳೆಗಾಲ: ಮೊದಲ ಪಾಠ

ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿ ಉಕ್ಕಡಗಾತ್ರಿಯ ಸಂಪರ್ಕ ರಸ್ತೆ ಮುಳುಗುವುದು ನಮಗೆಲ್ಲ ಪರಿಚಿತ. ಆ ಮಳೆ ಇಳಿಮುಖವಾಗುವ ಹೊತ್ತಿಗೆ ಕಾಲೇಜುಗಳಲ್ಲಿ ಹೊಸ ಶೈಕ್ಷಣಿಕ ವರ್ಷ ಚುರುಕುಗೊಂಡಿರುತ್ತದೆ. ವಿಭಾಗಕ್ಕೆ ಬಂದ ವಿದ್ಯಾರ್ಥಿ ಕಲಿಯುವ ಮೊದಲ ಸೂತ್ರ ವಸ್ತುಗಳ ಲೆಕ್ಕಾಚಾರ. ಒಳಗೆ ಬಂದದ್ದು ಹೊರಗೆ ಹೋಗಿರಬೇಕು, ಇಲ್ಲವೇ ಒಳಗೆ ಉಳಿದಿರಬೇಕು. ಯಾವ ವಸ್ತುವೂ ಮಾಯವಾಗುವುದಿಲ್ಲ. ಮನೆಯ ಯಜಮಾನಿ ಕಣಜದ ಜೋಳದ ಲೆಕ್ಕ ಇಡುವ ರೀತಿಯೇ ಇದು. ಮುಂದಿನ ನಾಲ್ಕು ವರ್ಷಗಳ ಓದೆಲ್ಲ ಈ ಒಂದು ಸೂತ್ರದ ವಿಸ್ತಾರವೆಂದರೆ ಅತಿಶಯೋಕ್ತಿಯಾಗದು.

ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಜನ್ಮದಿನ, ಎಂಜಿನಿಯರುಗಳ ದಿನ. ಮರುದಿನ ಓಜೋನ್ ಪದರ ಸಂರಕ್ಷಣಾ ದಿನ. ಇಂತಹ ದಿನಗಳಲ್ಲಿ ಉಪನ್ಯಾಸಗಳೂ ವಿದ್ಯಾರ್ಥಿಗಳ ಸ್ಪರ್ಧೆಗಳೂ ಏರ್ಪಡುತ್ತವೆ.

ಪ್ರಯೋಗಾಲಯದಲ್ಲಿ

ವಿಭಾಗದ ಜೀವಾಳ ಅದರ ಪ್ರಯೋಗಾಲಯಗಳು. ದ್ರವಗಳ ಹರಿವನ್ನು ಅಳೆಯಲು ಒಂದು. ಪುಡಿಮಾಡುವುದು, ಜರಡಿ ಹಿಡಿಯುವುದು, ಸೋಸುವುದು, ತಿಳಿಗೊಳಿಸುವುದು ಇವುಗಳಿಗೆ ಇನ್ನೊಂದು. ಶಾಖದ ವರ್ಗಾವಣೆಗೆ ಮತ್ತೊಂದು. ಬಟ್ಟಿ ಇಳಿಸುವಿಕೆ ಹಾಗೂ ಒಣಗಿಸುವಿಕೆಗೆ ಮಗದೊಂದು. ಇವಲ್ಲದೆ ರಾಸಾಯನಿಕ ಕ್ರಿಯೆಗಳ ವೇಗ ಮತ್ತು ಘಟಕಗಳ ನಿಯಂತ್ರಣದ ಪ್ರಯೋಗಾಲಯಗಳೂ ಇರುತ್ತವೆ.

ಹೆಸರುಗಳು ಕಠಿಣವೆನಿಸಿದರೂ ಕೆಲಸಗಳು ನಮ್ಮೂರಿನವೇ. ದಾವಣಗೆರೆ ನಗರಕ್ಕೆ ಹರಿಹರದ ಬಳಿಯ ರಾಜನಹಳ್ಳಿಯಿಂದ ತುಂಗಭದ್ರೆಯ ನೀರು ಬರುತ್ತದೆ. ಮಳೆಗಾಲದ ಕೆಂಪು ನೀರಿಗೆ ಪಟಿಕ ಬೆರೆಸಿದಾಗ ಮಣ್ಣಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪನಾಗಿ ತಳ ಸೇರುತ್ತವೆ. ಎಷ್ಟು ಪಟಿಕ ಬೇಕು, ಎಷ್ಟು ಹೊತ್ತು ಕಲಕಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು ಸಾಲಾಗಿಟ್ಟ ಬೀಕರುಗಳಲ್ಲಿ ಪರೀಕ್ಷಿಸಿ ನಿರ್ಧರಿಸುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೂ ಶಾಖದ ಪಾಠಶಾಲೆಯೇ. ಕಾದ ಮರಳು ಅಕ್ಕಿಗೆ ಕ್ಷಣಾರ್ಧದಲ್ಲಿ ಶಾಖ ಕೊಡುತ್ತದೆ, ಒಳಗಿನ ತೇವ ಆವಿಯಾಗಿ ಅಕ್ಕಿ ಅರಳುತ್ತದೆ. ಒಲೆಯ ಶಾಖದಲ್ಲಿ ಒಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಆ ಪಾಲನ್ನು ಕಡಿಮೆ ಮಾಡಿದರೆ ಮಾಲೀಕನ ಉರುವಲು ಉಳಿಯುತ್ತದೆ, ಭಟ್ಟಿಯ ಮುಂದೆ ದುಡಿಯುವ ಕಾರ್ಮಿಕನ ಶ್ವಾಸಕೋಶವೂ ಉಳಿಯುತ್ತದೆ.

ಡಿಸೆಂಬರ್ 2: ನೆನಪಿನ ದಿನ

ವರ್ಷದ ಕಾರ್ಯಕ್ರಮಗಳಲ್ಲಿ ಅತ್ಯಂತ ಗಂಭೀರವಾದದ್ದು ಡಿಸೆಂಬರ್ 2ರ ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿ ಸಾವಿರಾರು ಜನ ಮಡಿದರು. ಟ್ಯಾಂಕಿನೊಳಗೆ ನೀರು ಸೇರಿದ್ದು ದುರಂತಕ್ಕೆ ಕಾರಣವಾಯಿತು. ಆದರೆ ತಂಪುಗೊಳಿಸುವ ವ್ಯವಸ್ಥೆಯೂ ಅನಿಲವನ್ನು ತೊಳೆಯುವ ವ್ಯವಸ್ಥೆಯೂ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದುದು ಅದನ್ನು ಮಹಾದುರಂತವಾಗಿಸಿತು. ವಿದ್ಯೆ ಇದ್ದೂ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಈ ಪಾಠ ಮತ್ತೊಮ್ಮೆ ನೆನಪಾಗುತ್ತದೆ.

ಕಾರ್ಖಾನೆಯ ಭೇಟಿ: ನದಿಯ ಆಚೆ ದಡ

ವಿದ್ಯಾರ್ಥಿಗಳನ್ನು ಕಾರ್ಖಾನೆಗಳಿಗೆ ಕರೆದೊಯ್ಯುವುದು ವರ್ಷದ ಮುಖ್ಯ ಚಟುವಟಿಕೆ. ನಮ್ಮ ಭಾಗದಲ್ಲಿ ಈ ವಿದ್ಯೆಯ ಅತಿ ದೊಡ್ಡ ನಿದರ್ಶನ ಹರಿಹರದ ಎದುರು ದಡದಲ್ಲಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ನೀಲಗಿರಿ ಮರದಿಂದ ತಿರುಳನ್ನು ತಯಾರಿಸುತ್ತದೆ. ಮುಂದೆ ಆ ತಿರುಳಿನಿಂದ ನೂಲಿನ ಎಳೆ ತೆಗೆಯುವ ಘಟಕವೂ ಬಂತು.

ಮರ ಬಟ್ಟೆಯಾಗುವ ಬಗೆ ಕುತೂಹಲಕರ. ಮರದ ಚೂರುಗಳನ್ನು ಕ್ಷಾರದಲ್ಲಿ ಬೇಯಿಸಿದಾಗ ಅಂಟಿನಂತಿರುವ ಲಿಗ್ನಿನ್ ಕರಗಿ ನಾರು ಬೇರೆಯಾಗುತ್ತದೆ. ಆ ನಾರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಜೇನಿನಂತಹ ದ್ರವವಾಗಿಸಿ, ಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದರೆ ಎಳೆಯಾಗಿ ಗಟ್ಟಿಗೊಳ್ಳುತ್ತದೆ. ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವವನ್ನು ಬತ್ತಿಸಿ ಉರಿಸಿದರೆ ಶಾಖವೂ ಸಿಗುತ್ತದೆ, ಕ್ಷಾರವನ್ನೂ ಮರಳಿ ಪಡೆಯಬಹುದು. ಹಾಗೆ ಮರಳಿ ಪಡೆಯದ ಪ್ರತಿಯೊಂದು ಅಂಶವೂ ಗಾಳಿಗೋ ನೀರಿಗೋ ಸೇರಲೇಬೇಕು. ವಸ್ತುಗಳ ಲೆಕ್ಕಾಚಾರದಲ್ಲಿ ಮಾಯವೆಂಬುದಿಲ್ಲ.

1980ರ ದಶಕದಲ್ಲಿ ನದಿಯ ನೀರು ಕೆಟ್ಟು ಮೀನುಗಳು ಸತ್ತವೆಂದು ಕೆಳದಂಡೆಯ ಗ್ರಾಮಸ್ಥರು ದನಿ ಎತ್ತಿದರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮೊದಲಾದವರು ಈ ಹೋರಾಟವನ್ನು ಸಂಘಟಿಸಿದರು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಉದ್ಯಮ ಒಂದು ಕಡೆ, ನದಿಯನ್ನೇ ನಂಬಿ ಬದುಕಿದ ಮೀನುಗಾರರು ಮತ್ತು ರೈತರು ಇನ್ನೊಂದು ಕಡೆ. ಈ ಎರಡನ್ನೂ ಉಳಿಸಬಲ್ಲದ್ದು ಕೂಗಾಟವೂ ಅಲ್ಲ, ಮೌನವೂ ಅಲ್ಲ. ಸರಿಯಾದ ಅಳತೆ ಮತ್ತು ಅದನ್ನು ಜಾರಿಗೆ ತರುವ ಪ್ರಾಮಾಣಿಕತೆ ಎಂಬುದು ನಮ್ಮ ಅಭಿಪ್ರಾಯ.

ಬೇಸಿಗೆ: ನೀರಿನ ಲೆಕ್ಕ

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, ಮಾರ್ಚ್ 22 ವಿಶ್ವ ಜಲ ದಿನ. ಈ ಹೊತ್ತಿಗೆ ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ಕೆಲಸದಲ್ಲಿ ಮುಳುಗಿರುತ್ತಾರೆ. ಭತ್ತದ ಹೊಟ್ಟಿನ ಬೂದಿ, ಮೆಕ್ಕೆಜೋಳದ ದಿಂಡು, ಅಡಿಕೆ ಸಿಪ್ಪೆ ಮುಂತಾದ ನಮ್ಮ ಭಾಗದ ತ್ಯಾಜ್ಯಗಳಿಂದ ನೀರಿನ ಬಣ್ಣ ತೆಗೆಯಬಹುದೇ ಎಂಬಂತಹ ವಿಷಯಗಳು ಈ ವಿದ್ಯೆಗೆ ಸಹಜವಾಗಿ ಒಗ್ಗುತ್ತವೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಆಯ್ದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ನೀಡುತ್ತದೆ.

ನೀರಿನ ಶುದ್ಧತೆಯನ್ನು ಅಳೆಯುವ ಮುಖ್ಯ ವಿಧಾನವನ್ನು ಇಲ್ಲಿ ಸರಳವಾಗಿ ಹೇಳುತ್ತೇವೆ. ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ. ನೀರನ್ನು ಬಾಟಲಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, 27 ಡಿಗ್ರಿ ಶಾಖದಲ್ಲಿ 3 ದಿನ ಕತ್ತಲಲ್ಲಿಡುತ್ತಾರೆ. ಮೊದಲು ಲೀಟರಿಗೆ 7.5 ಮಿಲಿಗ್ರಾಂ ಇದ್ದ ಆಮ್ಲಜನಕ 4.5ಕ್ಕೆ ಇಳಿದರೆ ಆ ನೀರಿನ ಬಿಒಡಿ 3. ಸ್ನಾನಕ್ಕೆ ಯೋಗ್ಯವೆನಿಸಲು ಬಿಒಡಿ 3ನ್ನು ಮೀರಬಾರದು, ಕರಗಿದ ಆಮ್ಲಜನಕ 5ಕ್ಕಿಂತ ಕಡಿಮೆಯಾಗಬಾರದು, ಪಿಎಚ್ 6.5ರಿಂದ 8.5ರೊಳಗಿರಬೇಕು. ಕಾರ್ಖಾನೆ ಅಥವಾ ಊರಿನ ಸಂಸ್ಕರಿಸಿದ ನೀರನ್ನು ನದಿಗೆ ಬಿಡಲು ಇರುವ ಸಾಮಾನ್ಯ ಮಿತಿ ಬಿಒಡಿ 30.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಬಿಒಡಿ 30 ಇರುವ ನೀರು ಒಂದು ಪಾಲು, ಬಿಒಡಿ 1 ಇರುವ ನದಿಯ ನೀರು 99 ಪಾಲು ಬೆರೆತರೆ ಮಿಶ್ರಣದ ಬಿಒಡಿ ಸುಮಾರು 1.3 ಆಗುತ್ತದೆ, ಅದು ಸ್ನಾನಕ್ಕೆ ಯೋಗ್ಯ. ಬೇಸಿಗೆಯಲ್ಲಿ ನದಿ ಬತ್ತಿ 9 ಪಾಲು ಮಾತ್ರ ಉಳಿದರೆ ಅದೇ ಲೆಕ್ಕ 3.9 ಆಗುತ್ತದೆ. ಕಾನೂನಿನ ಮಿತಿಯನ್ನು ಯಾರೂ ಮೀರಿಲ್ಲ. ಆದರೂ ನೀರು ಮೀಯಲು ಯೋಗ್ಯವಾಗಿ ಉಳಿಯಲಿಲ್ಲ. ಮಳೆಗಾಲದ ಸಹನೆಯನ್ನು ನಾವು ಬೇಸಿಗೆಯ ನದಿಯಿಂದ ನಿರೀಕ್ಷಿಸುವಂತಿಲ್ಲ.

ಉಕ್ಕಡಗಾತ್ರಿಯ ದಡದಲ್ಲಿ ನಮ್ಮ ಪಾಲು

ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ, ಹೊನ್ನಾಳಿಯನ್ನು ದಾಟಿ ಉಕ್ಕಡಗಾತ್ರಿಗೆ ಬರುತ್ತವೆ. ಹರಿಹರ ಮತ್ತು ಕುಮಾರಪಟ್ಟಣ ಇರುವುದು ಅಲ್ಲಿಂದ ಕೆಳಗೆ. ಆದ್ದರಿಂದ ಉಕ್ಕಡಗಾತ್ರಿಯ ನೀರಿನ ಬಗೆಗೆ ಆ ಕಾರ್ಖಾನೆಯತ್ತ ಬೆರಳು ತೋರಿಸುವಂತಿಲ್ಲ. ಮೇಲಿನ ಊರುಗಳ ಚರಂಡಿ ನೀರು ಒಂದು ಕಾರಣವಾದರೆ, ದಡದಲ್ಲಿ ನಿಂತ ನಾವು ಇನ್ನೊಂದು ಕಾರಣ.

ಮಿಂದ ಮೇಲೆ ಉಟ್ಟ ಬಟ್ಟೆಯನ್ನು ನದಿಗೆ ಬಿಡುವ ರೂಢಿ ಅಲ್ಲಿ ಬೆಳೆದುಬಂದಿದೆ. ಕಷ್ಟವನ್ನು ಕಳಚಿಟ್ಟು ಹೋಗುವ ಭಾವ ಅದರ ಹಿಂದಿದೆ. ಆ ಭಾವವನ್ನು ನಾವು ಗೌರವಿಸುತ್ತೇವೆ. ಆದರೆ ಲೆಕ್ಕ ಹಾಕೋಣ. ಒಬ್ಬರ ಬಟ್ಟೆ ಅರ್ಧ ಕಿಲೋ ಎಂದಿಟ್ಟುಕೊಂಡರೂ ಸಾವಿರ ಜನರಿಗೆ 500 ಕಿಲೋ. ಹತ್ತಿಯ ಬಟ್ಟೆಯಾದರೆ ಕೊಳೆಯುತ್ತಾ ಆಮ್ಲಜನಕವನ್ನು ತಿನ್ನುತ್ತದೆ. ಪಾಲಿಯೆಸ್ಟರ್ ಆದರೆ ಕೊಳೆಯುವುದೇ ಇಲ್ಲ. ಕಲ್ಲಿಗೆ, ಗಿಡದ ಬೇರಿಗೆ, ಪಂಪಿನ ಬಾಯಿಗೆ ಸುತ್ತಿಕೊಂಡು ಉಳಿಯುತ್ತದೆ. ನಾವು ಬಿಟ್ಟೆವೆಂದುಕೊಂಡದ್ದು ಹೋಗಿರುವುದಿಲ್ಲ, ಕೆಳಗಿನ ಊರಿನವರ ಪಾಲಿಗೆ ಸೇರಿರುತ್ತದೆ. ಅದೇ ನೀರನ್ನು ರಾಜನಹಳ್ಳಿಯಲ್ಲಿ ಎತ್ತಿ ದಾವಣಗೆರೆಯ ಮನೆಗಳಿಗೆ ಕೊಡುತ್ತಾರೆ.

ಬಟ್ಟೆಯನ್ನು ದಡದಲ್ಲಿಯೇ ಒಂದೆಡೆ ಇಟ್ಟರೆ, ಸಾಬೂನು ಮತ್ತು ಶಾಂಪೂ ಇಲ್ಲದೆ ಮಿಂದರೆ, ಪ್ಲಾಸ್ಟಿಕ್ ಚೀಲವನ್ನು ಮರಳಿ ಒಯ್ದರೆ ಭಕ್ತಿಗೆ ಯಾವ ಕೊರತೆಯೂ ಆಗದು. ಇದಕ್ಕೆ ಯಂತ್ರ ಬೇಡ, ಅನುದಾನ ಬೇಡ.

ವಿದ್ಯಾರ್ಥಿಗಳಿಗೂ ಪಾಲಕರಿಗೂ

ಪಿಯುಸಿ ಮುಗಿಸಿದ ಮಕ್ಕಳು ಸಿಇಟಿಯ ನಂತರ ಶಾಖೆ ಆರಿಸುವಾಗ ಹೆಚ್ಚಿನವರ ದೃಷ್ಟಿ ಕಂಪ್ಯೂಟರಿನ ಮೇಲಿರುತ್ತದೆ. ಅದು ತಪ್ಪಲ್ಲ. ಆದರೆ ಔಷಧ, ಗೊಬ್ಬರ, ಸಕ್ಕರೆ, ಎಥೆನಾಲ್, ಸಿಮೆಂಟ್, ಬಣ್ಣ, ಆಹಾರ, ಕುಡಿಯುವ ನೀರು ಇವೆಲ್ಲವುಗಳ ಹಿಂದೆ ರಾಸಾಯನಿಕ ಎಂಜಿನಿಯರರ ದುಡಿಮೆ ಇದೆ. ಗೇಟ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆಯಿದ್ದು ಉನ್ನತ ವ್ಯಾಸಂಗಕ್ಕೆ ದಾರಿಯಿದೆ. ಗಣಿತ ಮತ್ತು ರಸಾಯನಶಾಸ್ತ್ರದಲ್ಲಿ ಆಸಕ್ತಿಯುಳ್ಳ, ಕಾರ್ಖಾನೆಯ ಶಾಖ ಹಾಗೂ ಸದ್ದಿಗೆ ಅಂಜದ ಮಕ್ಕಳನ್ನು ಪಾಲಕರು ಈ ಶಾಖೆಯಿಂದ ಹಿಂದೆಗೆಯಬೇಕಿಲ್ಲ.

ಜೂನ್ 5ರ ವಿಶ್ವ ಪರಿಸರ ದಿನ ಬರುವ ಹೊತ್ತಿಗೆ ಮೋಡಗಳು ಮತ್ತೆ ಮಲೆನಾಡಿನತ್ತ ಸಾಗುತ್ತವೆ. ಓದು ಮುಗಿಸುವ ವಿದ್ಯಾರ್ಥಿಗಳು ಪರೀಕ್ಷೆ ಬರೆದು ಹೊರಡುತ್ತಾರೆ, ಹೊಸಬರು ಬರುತ್ತಾರೆ, ನದಿ ಮತ್ತೆ ತುಂಬುತ್ತದೆ. ಮುಂದಿನ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೊರಡುವ ಭಕ್ತರು ಒಂದು ಹಳೆಯ ಚೀಲವನ್ನು ಜೊತೆಗೊಯ್ಯಲಿ, ಒದ್ದೆ ಬಟ್ಟೆಯನ್ನು ಅದರಲ್ಲಿಟ್ಟು ಮನೆಗೆ ತರಲಿ ಎಂದು ನಾವು ಕೋರುತ್ತೇವೆ.