ಶಸ್ತ್ರಕ್ರಿಯೆಯ ಮೂಲಕ ವೀರ್ಯಾಣು ಸಂಗ್ರಹಣೆ: ಸಾರ್ವಜನಿಕರಿಗೆ ಮಾಹಿತಿ

ಯಾವುದೇ ಗರ್ಭನಿರೋಧಕ ವಿಧಾನವನ್ನು ಅನುಸರಿಸದೆ ಒಂದು ವರ್ಷ ಕಳೆದರೂ ಗರ್ಭಧಾರಣೆಯಾಗದಿದ್ದಲ್ಲಿ ಅದನ್ನು ಬಂಜೆತನವೆಂದು ಪರಿಗಣಿಸಲಾಗುತ್ತದೆ. ಇದಕ್ಕೆ ಸ್ತ್ರೀಯೇ ಕಾರಣಳೆಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ವಾಸ್ತವವಾಗಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಆದುದರಿಂದ ಪತ್ನಿಗೆ ಚಿಕಿತ್ಸೆ ಆರಂಭಿಸುವ ಮುನ್ನ ಪತಿಯ ವೀರ್ಯ ಪರೀಕ್ಷೆಯನ್ನು ಮಾಡಿಸುವುದು ಅವಶ್ಯಕ.

ಅಜೂಸ್ಪರ್ಮಿಯಾ ಎಂದರೇನು?

ವೀರ್ಯದಲ್ಲಿ ವೀರ್ಯಾಣುಗಳು ಸಂಪೂರ್ಣವಾಗಿ ಇಲ್ಲದಿರುವ ಸ್ಥಿತಿಯೇ ಅಜೂಸ್ಪರ್ಮಿಯಾ. ಸುಮಾರು ಶೇ. 1ರಷ್ಟು ಪುರುಷರಲ್ಲಿ ಇದು ಕಂಡುಬರುತ್ತದೆ. ಇದರಲ್ಲಿ ಎರಡು ವಿಧಗಳಿವೆ.

ಅ) ಅಡಚಣೆಯಿಂದ ಉಂಟಾಗುವುದು: ವೃಷಣದಲ್ಲಿ ವೀರ್ಯಾಣುಗಳು ಉತ್ಪತ್ತಿಯಾಗುತ್ತವೆ, ಆದರೆ ಹೊರಬರುವ ಮಾರ್ಗ ಮುಚ್ಚಿರುತ್ತದೆ. ವ್ಯಾಸೆಕ್ಟಮಿ, ಸೋಂಕು, ಜನ್ಮತಃ ವೀರ್ಯನಾಳ ಇಲ್ಲದಿರುವುದು ಇದಕ್ಕೆ ಕಾರಣಗಳು.

ಆ) ಉತ್ಪತ್ತಿಯ ಕೊರತೆಯಿಂದ ಉಂಟಾಗುವುದು: ವರ್ಣತಂತುಗಳ ದೋಷ, ಬಾಲ್ಯದಲ್ಲಿ ವೃಷಣ ಕೆಳಗಿಳಿಯದಿರುವುದು, ಮಂಗನಬಾವಿನಿಂದ ವೃಷಣಕ್ಕಾದ ಹಾನಿ, ಕ್ಯಾನ್ಸರ್ ಚಿಕಿತ್ಸೆ ಮುಂತಾದವು ಕಾರಣಗಳು.

ಶಸ್ತ್ರಕ್ರಿಯೆಗೆ ಮುನ್ನ ಅಗತ್ಯವಾದ ಪರೀಕ್ಷೆಗಳು

1. ಕನಿಷ್ಠ ಎರಡು ಬಾರಿ ವೀರ್ಯ ಪರೀಕ್ಷೆ.
2. ವೈದ್ಯರಿಂದ ದೈಹಿಕ ತಪಾಸಣೆ ಹಾಗೂ ಎಫ್.ಎಸ್.ಎಚ್. ಮತ್ತು ಟೆಸ್ಟೊಸ್ಟೆರಾನ್ ಹಾರ್ಮೋನುಗಳ ರಕ್ತಪರೀಕ್ಷೆ.
3. ಉತ್ಪತ್ತಿಯ ಕೊರತೆಯಿದ್ದಲ್ಲಿ ವರ್ಣತಂತು ಪರೀಕ್ಷೆ. ವೈ ವರ್ಣತಂತುವಿನ ಎ.ಝಡ್.ಎಫ್. ‘ಎ’ ಅಥವಾ ‘ಬಿ’ ಭಾಗ ಪೂರ್ಣವಾಗಿ ಇಲ್ಲದಿದ್ದಲ್ಲಿ ವೀರ್ಯಾಣು ದೊರೆಯುವ ಸಂಭವವಿಲ್ಲವೆಂದೇ ಭಾವಿಸಲಾಗುವುದರಿಂದ ಶಸ್ತ್ರಕ್ರಿಯೆಯನ್ನು ಸಲಹೆ ಮಾಡಲಾಗುವುದಿಲ್ಲ.

ಮಿದುಳಿನ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಕೊರತೆಯೇ ಕಾರಣವಾಗಿದ್ದಲ್ಲಿ ಚುಚ್ಚುಮದ್ದಿನಿಂದಲೇ ವೀರ್ಯಾಣು ಉತ್ಪತ್ತಿ ಆರಂಭವಾಗಬಹುದು. ದೇಹದಾರ್ಢ್ಯಕ್ಕಾಗಿ ಅಥವಾ “ಶಕ್ತಿ”ಗಾಗಿ ಪಡೆಯುವ ಟೆಸ್ಟೊಸ್ಟೆರಾನ್ ಚುಚ್ಚುಮದ್ದು ವೀರ್ಯಾಣುಗಳ ಉತ್ಪತ್ತಿಯನ್ನು ತಡೆಯುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಸಂಗ್ರಹಣಾ ವಿಧಾನಗಳು

• ಪೆಸಾ: ವೃಷಣದ ಹಿಂಭಾಗದಲ್ಲಿರುವ ಎಪಿಡಿಡಿಮಿಸ್‌ನಿಂದ ಸೂಜಿಯ ಮೂಲಕ ವೀರ್ಯಾಣು ತೆಗೆಯುವುದು.
• ಟೆಸಾ: ವೃಷಣದಿಂದಲೇ ಸೂಜಿಯ ಮೂಲಕ ತೆಗೆಯುವುದು.
• ಟೆಸೆ: ವೃಷಣದ ಅಂಗಾಂಶದ ಸಣ್ಣ ತುಣುಕುಗಳನ್ನು ತೆಗೆದು ಅದರಲ್ಲಿ ವೀರ್ಯಾಣು ಹುಡುಕುವುದು.
• ಮೈಕ್ರೋ-ಟೆಸೆ: ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕದ ನೆರವಿನಿಂದ, ವೀರ್ಯಾಣು ಇರಬಹುದಾದ ನಾಳಗಳನ್ನು ಮಾತ್ರ ಆಯ್ದು ತೆಗೆಯುವುದು. ಉತ್ಪತ್ತಿಯ ಕೊರತೆಯಿರುವವರಿಗೆ ಈ ವಿಧಾನವನ್ನು ಬಳಸಲಾಗುತ್ತದೆ.

ಈ ರೀತಿ ದೊರೆತ ವೀರ್ಯಾಣುಗಳ ಸಂಖ್ಯೆ ಅತ್ಯಲ್ಪವಾಗಿರುತ್ತದೆ. ಆದ್ದರಿಂದ ಒಂದು ಅಂಡಕ್ಕೆ ಒಂದೇ ವೀರ್ಯಾಣುವನ್ನು ಸೇರಿಸುವ ‘ಇಕ್ಸಿ’ ವಿಧಾನ ಅನಿವಾರ್ಯ. ಈ ವಿಧಾನದಿಂದಾದ ಯಶಸ್ವಿ ಗರ್ಭಧಾರಣೆಗಳು 1992ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಿಂದ ಮೊದಲು ವರದಿಯಾದವು.

ಫಲಿತಾಂಶ

ಅಡಚಣೆಯ ಪ್ರಕರಣಗಳಲ್ಲಿ ಬಹುತೇಕ ಎಲ್ಲರಲ್ಲಿಯೂ ವೀರ್ಯಾಣು ದೊರೆಯುತ್ತದೆ. ಉತ್ಪತ್ತಿಯ ಕೊರತೆಯಿರುವವರಲ್ಲಿ ಮೈಕ್ರೋ-ಟೆಸೆಯಿಂದಲೂ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ದೊರೆಯುತ್ತದೆ. ವೀರ್ಯಾಣು ದೊರೆತ ಮಾತ್ರಕ್ಕೆ ಗರ್ಭಧಾರಣೆ ಖಚಿತವಲ್ಲ. ಪತ್ನಿಯ ವಯಸ್ಸೂ ಮುಖ್ಯವಾಗುತ್ತದೆ. ನೋವು, ರಕ್ತಸ್ರಾವ, ಸೋಂಕು ಹಾಗೂ ಕೆಲವರಲ್ಲಿ ಟೆಸ್ಟೊಸ್ಟೆರಾನ್ ಪ್ರಮಾಣ ಇಳಿಯುವುದು ಸಂಭವನೀಯ ತೊಂದರೆಗಳು.

ಕಾನೂನಿನ ರಕ್ಷಣೆ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021ರ ಪ್ರಕಾರ ಇಂತಹ ಚಿಕಿತ್ಸಾಲಯಗಳ ನೋಂದಣಿ ಹಾಗೂ ದಂಪತಿಗಳ ಲಿಖಿತ ಒಪ್ಪಿಗೆ ಕಡ್ಡಾಯ. ಸ್ತ್ರೀಯ ವಯಸ್ಸು 21ಕ್ಕೆ ಮೇಲ್ಪಟ್ಟು 50ರೊಳಗೆ, ಪುರುಷನ ವಯಸ್ಸು 21ಕ್ಕೆ ಮೇಲ್ಪಟ್ಟು 55ರೊಳಗೆ ಇರತಕ್ಕದ್ದು. ಲಿಂಗ ಆಯ್ಕೆ ದಂಡನೀಯ ಅಪರಾಧವಾಗಿದೆ.

ದಂಪತಿಗಳಿಗೆ ಸಲಹೆ

ಪತ್ನಿಯ ಅಂಡ ಸಂಗ್ರಹಣೆಗಾಗಿ ಹಲವು ದಿನ ಚುಚ್ಚುಮದ್ದು ನೀಡಲಾಗುತ್ತದೆ. ಅದೇ ದಿನ ಪತಿಯಲ್ಲಿ ವೀರ್ಯಾಣು ದೊರೆಯದಿದ್ದಲ್ಲಿ ಆಕೆ ಅನುಭವಿಸಿದ ಶ್ರಮ ಹಾಗೂ ವೆಚ್ಚ ವ್ಯರ್ಥವಾಗಬಹುದು. ಆದ್ದರಿಂದ ಶಸ್ತ್ರಕ್ರಿಯೆಯನ್ನು ಮೊದಲೇ ನಡೆಸಿ ವೀರ್ಯಾಣುಗಳನ್ನು ಶೀತಲೀಕರಿಸಿ ಇರಿಸಬಹುದೇ, ದೊರೆಯದಿದ್ದಲ್ಲಿ ಅಂಡಗಳನ್ನು ಕಾಪಿಡಬೇಕೇ, ದಾನಿಯ ವೀರ್ಯಾಣು ಪಡೆಯಬೇಕೇ ಅಥವಾ ದತ್ತು ಸ್ವೀಕರಿಸಬೇಕೇ ಎಂಬುದನ್ನು ಪತಿ-ಪತ್ನಿ ಇಬ್ಬರೂ ವೈದ್ಯರೊಡನೆ ಮುಂಚಿತವಾಗಿಯೇ ಚರ್ಚಿಸಿ ತೀರ್ಮಾನಿಸುವುದು ಸೂಕ್ತ.