ಹೆಸರು ಅಳಿಸಿದರೂ ಉಳಿಯುವ ಗುರುತು

ನಮ್ಮೂರಿನ ವೀಡಿಯೋ ಕ್ಯಾಸೆಟ್ ಅಂಗಡಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಒಂದಿತ್ತು. ತಾರೀಖು, ಸದಸ್ಯರ ನಂಬರು, ಕ್ಯಾಸೆಟ್ಟಿನ ಹೆಸರು. ಇಷ್ಟೇ. ಯಾರ ಹೆಸರೂ ಇಲ್ಲ. ಅಂಗಡಿಯವರು ಕಾಫಿಗೆ ಹೋಗುವಾಗ, ಎಂಟನೇ ಕ್ಲಾಸಿನಲ್ಲಿದ್ದ ನನ್ನನ್ನು ಗಲ್ಲಾದ ಹತ್ತಿರ ಕೂರಿಸಿ ಹೋಗುತ್ತಿದ್ದರು.

ಒಂದು ಭಾನುವಾರ ನಮ್ಮ ಗಣಿತದ ಮೇಷ್ಟ್ರು, ಯಾರೂ ಮುಟ್ಟದ ಹಳೇ ದೆವ್ವದ ಸಿನಿಮಾದ ಕ್ಯಾಸೆಟ್ ಹಿಡಿದು ಹೋಗುವುದನ್ನು ಕಂಡೆ. ಮರುದಿನ ಪುಸ್ತಕದಲ್ಲಿ ಆ ತಾರೀಖು, ಆ ಕ್ಯಾಸೆಟ್ ಹುಡುಕಿದೆ. ನಂಬರು ಸಿಕ್ಕಿತು. ಪುಟ ತಿರುವುತ್ತಾ ಹೋದರೆ ಮೇಷ್ಟ್ರ ಒಂದು ವರ್ಷದ ಸಿನಿಮಾ ಜಾತಕವೇ ಕೈಯಲ್ಲಿ! ಬರೀ ದೆವ್ವ, ದೆವ್ವ... ಸುಮ್ಮನಿರದೆ ಕ್ಲಾಸಿನಲ್ಲಿ ಹೇಳಿಬಿಟ್ಟೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಹಿಂದಿನ ಬೆಂಚಿನಿಂದ 'ಹೂಂ...' ಅನ್ನುವ ದನಿ ಏಳತೊಡಗಿತು. ಅವರು ಆ ಅಂಗಡಿಗೆ ಬರುವುದನ್ನೇ ಬಿಟ್ಟರು.

ಇದನ್ನು ಯಾಕೆ ನೆನೆಸಿಕೊಂಡೆ ಅಂದರೆ, ಹೆಚ್ಚು ಕಡಿಮೆ ಇದೇ ಕಥೆ ಅಮೆರಿಕದಲ್ಲೂ ನಡೆದಿದೆ. ಅದೂ ಎರಡು ಸಲ.

ಮೊದಲನೆಯದು ೧೯೮೭ರಲ್ಲಿ. ಅಧ್ಯಕ್ಷ ರೇಗನ್ ಅವರು ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದ್ದರು. ಆಗ ವಾಷಿಂಗ್ಟನ್ನಿನ ಒಂದು ವಾರಪತ್ರಿಕೆ, ಬೋರ್ಕ್ ಕುಟುಂಬ ಬಾಡಿಗೆಗೆ ತಂದಿದ್ದ ೧೪೬ ಕ್ಯಾಸೆಟ್ಟುಗಳ ಪಟ್ಟಿಯನ್ನು ಅಂಗಡಿಯಿಂದ ಪಡೆದು ಅದರ ಬಗ್ಗೆ ಬರೆಯಿತು. ಪಟ್ಟಿಯಲ್ಲಿ ನಾಚಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದರೂ 'ನಾಳೆ ನಮ್ಮ ಪಟ್ಟಿಯೂ ಹೀಗೇ ಬಂದರೆ?' ಎಂಬ ಭಯ ಸಂಸದರಿಗೆ ಹುಟ್ಟಿತು ನೋಡಿ, ೧೯೮೮ರಲ್ಲೇ ವೀಡಿಯೋ ಬಾಡಿಗೆಯ ವಿವರಗಳನ್ನು ರಕ್ಷಿಸುವ ಕಾನೂನು ಬಂತು.

ಎರಡನೆಯ ಸಲ ಅಂಗಡಿ ಅಂತರ್ಜಾಲದಲ್ಲಿತ್ತು. ಆಗಿನ ನೆಟ್‌ಫ್ಲಿಕ್ಸ್ ಜಾಲದಲ್ಲಿ ಆರ್ಡರ್ ಪಡೆದು ಅಂಚೆಯಲ್ಲಿ ಡಿವಿಡಿ ಕಳಿಸುತ್ತಿತ್ತು. 'ನಿಮಗೆ ಈ ಸಿನಿಮಾ ಹಿಡಿಸಬಹುದು' ಎಂದು ಊಹಿಸುವ ಅದರ ಲೆಕ್ಕಾಚಾರವನ್ನು ಶೇಕಡಾ ೧೦ರಷ್ಟು ಸುಧಾರಿಸಿದವರಿಗೆ ೧೦ ಲಕ್ಷ ಡಾಲರ್ ಬಹುಮಾನ ಎಂದು ೨೦೦೬ರ ಅಕ್ಟೋಬರಿನಲ್ಲಿ ಘೋಷಿಸಿತು. ಸ್ಪರ್ಧಿಗಳಿಗೆಂದು ೪,೮೦,೧೮೯ ಗ್ರಾಹಕರು ೧೭,೭೭೦ ಸಿನಿಮಾಗಳಿಗೆ ಕೊಟ್ಟಿದ್ದ ೧೦ ಕೋಟಿಗೂ ಹೆಚ್ಚು ಅಂಕಗಳನ್ನು ತಾರೀಖಿನ ಸಮೇತ ಬಿಡುಗಡೆ ಮಾಡಿತು. ಗ್ರಾಹಕರ ಹೆಸರು ಅಳಿಸಿ ಬರೀ ನಂಬರು ಇಟ್ಟಿದ್ದರು. ಥೇಟ್ ನಮ್ಮೂರಿನ ಪುಸ್ತಕ!

ಟೆಕ್ಸಾಸ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಆ ಪುಸ್ತಕ ಬಿಚ್ಚಿ ಕೂತರು. ೨೦೦೮ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಒಬ್ಬರು ಎಂಟು ಸಿನಿಮಾಗಳಿಗೆ ಕೊಟ್ಟ ಅಂಕ ಗೊತ್ತಿದ್ದರೆ, ಅದರಲ್ಲಿ ಎರಡು ತಪ್ಪಾಗಿದ್ದು ತಾರೀಖು ಎರಡು ವಾರ ಆಚೀಚೆಯಾದರೂ, ಶೇಕಡಾ ೯೯ ದಾಖಲೆಗಳನ್ನು ಬೇರ್ಪಡಿಸಿ ಗುರುತಿಸಬಹುದಿತ್ತು. ಐಎಂಡಿಬಿ ತಾಣದಲ್ಲಿ ಜನ ಬಹಿರಂಗವಾಗಿ ಕೊಟ್ಟ ಅಂಕಗಳ ಜೊತೆ ತಾಳೆ ನೋಡಿ ಇಬ್ಬರ ದಾಖಲೆಗಳನ್ನು ಪತ್ತೆಹಚ್ಚಿಯೂ ತೋರಿಸಿದರು. ಎಲ್ಲರೂ ನೋಡುವ ಸಿನಿಮಾ ಗುರುತು ಕೊಡುವುದಿಲ್ಲ. ಯಾರೂ ಮುಟ್ಟದ ಸಿನಿಮಾ ಕೊಡುತ್ತದೆ. ಮೇಷ್ಟ್ರು ಸಿಕ್ಕಿಬಿದ್ದದ್ದೂ ಹಾಗೇ ತಾನೇ?

೨೦೦೯ರ ಸೆಪ್ಟೆಂಬರಿನಲ್ಲಿ ಬಹುಮಾನ ಕೊಟ್ಟಾಯಿತು. ಗ್ರಾಹಕರ ವಯಸ್ಸು, ಲಿಂಗ, ಪಿನ್ ಕೋಡ್ ಕೂಡ ಕೊಟ್ಟು ಇನ್ನೊಂದು ಸ್ಪರ್ಧೆ ನಡೆಸುವ ಮಾತೂ ಬಂತು. ಆ ಡಿಸೆಂಬರಿನಲ್ಲಿ ಕೆಲವರು ಕೋರ್ಟಿಗೆ ಹೋದರು. ಅವರಲ್ಲಿ ಹೆಸರು ಮರೆಮಾಚಿಕೊಂಡ ಒಬ್ಬ ತಾಯಿ ಇದ್ದರು. ತಾನು ಸಲಿಂಗಪ್ರೇಮಿ ಎಂದು ಅವರು ಎಲ್ಲರಿಗೂ ಹೇಳಿಕೊಂಡಿರಲಿಲ್ಲ. ನೋಡಿದ ಸಿನಿಮಾಗಳ ಮೂಲಕ ಅದು ಬಯಲಾದರೆ ತನಗೂ ಮಕ್ಕಳಿಗೂ ತೊಂದರೆ ಎಂಬುದು ಅವರ ಅಳಲು. ಆಧಾರವಾಗಿ ಹಿಡಿದ ಕಾನೂನುಗಳಲ್ಲಿ ಬೋರ್ಕ್ ಪ್ರಕರಣದಿಂದ ಹುಟ್ಟಿದ ಆ ೧೯೮೮ರ ಕಾನೂನೂ ಒಂದು! ೨೦೧೦ರ ಮಾರ್ಚಿನಲ್ಲಿ ದಾವೆ ರಾಜಿಯಾಯಿತು, ಎರಡನೇ ಸ್ಪರ್ಧೆ ರದ್ದಾಯಿತು.

ಇಲ್ಲಿ ಕಳ್ಳರು ಯಾರೂ ಇರಲಿಲ್ಲ ಎನ್ನುವುದೇ ನನ್ನನ್ನು ಕಾಡುವ ವಿಷಯ. ಯಾರೂ ಬೀಗ ಒಡೆಯಲಿಲ್ಲ, ಪಾಸ್‌ವರ್ಡ್ ಕದಿಯಲಿಲ್ಲ. 'ಹೆಸರು ತೆಗೆದಿದ್ದೇವಲ್ಲ' ಎಂಬ ಒಳ್ಳೇ ನಂಬಿಕೆಯಿಂದ ಅಂಗಡಿಯೇ ಬಾಗಿಲು ತೆರೆದಿತ್ತು. ಇವತ್ತಿಗೂ ಜಾಲದ ಅಂಗಡಿಗಳ ನಿಯಮಗಳಲ್ಲಿ 'ಹೆಸರಿಲ್ಲದ ಮಾಹಿತಿಯನ್ನು ವಿಶ್ಲೇಷಣೆಗೆ ಹಂಚಿಕೊಳ್ಳಬಹುದು' ಎಂಬ ಸಾಲು ಕಂಡರೆ ನನಗೆ ಆ ಉದ್ದನೆಯ ಪುಸ್ತಕ ಕಣ್ಣಮುಂದೆ ಬರುತ್ತದೆ.

ನೆಟ್‌ಫ್ಲಿಕ್ಸ್‌ನ ಅಂಚೆ ಡಿವಿಡಿ ಸೇವೆ ೨೦೨೩ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಆದರೆ ಸಾವಿರಾರು ಜನ ಇಳಿಸಿಕೊಂಡ ಆ ಹತ್ತು ಕೋಟಿ ಅಂಕಗಳನ್ನು ವಾಪಸ್ ತರುವವರು ಯಾರು? ನಮ್ಮೂರಿನ ಅಂಗಡಿಯೂ ಮುಚ್ಚಿ ಎಷ್ಟೋ ವರ್ಷವಾಯಿತು. ಕ್ಲಾಸಿನಲ್ಲಿ ಆಡಿದ ಮಾತನ್ನೂ ನಾನು ವಾಪಸ್ ತೆಗೆದುಕೊಳ್ಳಲಾಗಲಿಲ್ಲ. ಮೇಷ್ಟ್ರ ಹತ್ತಿರ ಕ್ಷಮೆಯನ್ನೂ ಕೇಳಲಿಲ್ಲ.

ಅವರು ಯಾವ ಊರಿನವರು, ಯಾವ ಶಾಲೆ ಎಂದು ಇಲ್ಲಿ ಬರೆದಿಲ್ಲ, ಗಮನಿಸಿದಿರಾ? ದಯವಿಟ್ಟು ಕೇಳಬೇಡಿ. ಈ ಸಲವಾದರೂ ಬಾಯಿ ಮುಚ್ಚಿಕೊಂಡಿರುತ್ತೇನೆ :)