ದಾಳದ ಇತಿಹಾಸ, ಭಾಗ 7: ಫರ್ಸಿ ಖಣಿಯಾಗ ಆಕಾಶನೌಕೆ

ಕತ್ತಿ, ಮಂತ್ರ, ರಾಕ್ಷಸರು ಇರೋ ಆಟದಾಗ ರೋಬೋ ಎಲ್ಲಿಂದ ಬಂತು ಅಂತ ಕ್ಲಾಸಿನಾಗ ಭಾಳ ಮಂದಿ ಕೇಳೀರಿ. ಆಮ್ಯಾಲ ಯಾರೋ ಸೇರಿಸ್ಯಾರ ಅಂತ ನಿಮ್ಮ ಅನುಮಾನ. ಹಂಗಿಲ್ಲ. ಈ ಆಟ ಹುಟ್ಟಿದಾಗಿನಿಂದ ರೋಬೋ ಅದರ ಜೋಡಿನೇ ಅದ.

ಹೊಸದಾಗಿ ಫಾಲೋ ಮಾಡಿದವರಿಗೆ ಎರಡು ಮಾತು. ನಮ್ಮ ಕಡೆ ಜಾತ್ರೆ ನಾಟಕ ನೆನಪು ಮಾಡ್ಕೋರಿ. ಅಂಗಡಿಯಿಂದ ಅಚ್ಚಾದ ನಾಟಕದ ಪುಸ್ತಕ ತರ್ತಾರ, ಪೇಟಿ ಮಾಸ್ತರು ಬಂದು ತಾಲೀಮು ಮಾಡಸ್ತಾರ. ಆದರ ಸ್ಟೇಜಿನ ಮ್ಯಾಲ ಬರೋದು ಆ ಪುಸ್ತಕ ಇದ್ದಂಗ ಇರಂಗಿಲ್ಲ. ಗೌಡನ ಪಾತ್ರದವನಿಗೆ ಹಾಡಾಕ ಬರಂಗಿಲ್ಲ ಅಂದ್ರ ಹಾಡು ಹೋಗ್ತದ. ಹಾಸ್ಯದವ ಗಟ್ಟಿಗ ಇದ್ರ ಅವನ ಸೀನು ಎರಡು ಪಟ್ಟು ಆಗ್ತದ. ರೋಲ್‌ಪ್ಲೇ ಆಟದಾಗೂ ಅಚ್ಚಾದ ಕಥೆ ಇರ್ತದ, ಅದಕ್ಕ ಅಡ್ವೆಂಚರ್ ಅಂತಾರ. ನಡೆಸೋ ಮಾಸ್ತರ್ ಒಬ್ಬ, ಉಳಿದವರು ಪಾತ್ರಧಾರಿಗಳು. ಫರಕು ಇಷ್ಟೇ: ಪಾತ್ರದವರಿಗೆ ಮಾತು ಬರೆದು ಕೊಟ್ಟಿರಂಗಿಲ್ಲ, ಏನು ಮಾಡಬೇಕಂತ ಅವರೇ ಹೇಳ್ತಾರ, ಆಗ್ತದೋ ಇಲ್ಲೋ ಅಂತ ದಾಳ ಹೇಳ್ತದ.

ಈಗ ಇತಿಹಾಸ. ಅಮೆರಿಕದ ಮಿನೆಸೋಟಾದಾಗ ಡೇವ್ ಆರ್ನೆಸನ್ ಅಂತ ಒಬ್ಬ ಹುಡುಗ ಗೆಳೆಯರ ಜೋಡಿ ಸಣ್ಣ ಸಣ್ಣ ಗೊಂಬೆ ಸೈನಿಕರನ್ನ ಇಟ್ಟು ಹಳೇ ಕಾಲದ ಯುದ್ಧ ಆಡ್ತಿದ್ದ. ಒಂದು ಸಲ ಪೂಜಾರಿ ಪಾತ್ರದ ಕೈಯಾಗ 'ಸ್ಟಾರ್ ಟ್ರೆಕ್' ಸೀರಿಯಲ್‌ನ ಬಂದೂಕು ಕೊಟ್ಟು ಎದುರಾಳಿಯ ಆನೆಯನ್ನೇ ಸುಡಿಸಿದೆ ಅಂತ ಆತನೇ ಮುಂದ ಹೇಳ್ಕೊಂಡಾನ. 1971ರ ಹೊತ್ತಿಗೆ ಆ ಗುಂಪು ಬ್ಲ್ಯಾಕ್‌ಮೂರ್ ಅನ್ನೋ ಲೋಕ ಕಟ್ಟಿ ಆಡಾಕ ಹತ್ತಿತು. 1974ರಲ್ಲಿ ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಹೆಸರಿನಾಗ 'ಡಂಜನ್ಸ್ ಅಂಡ್ ಡ್ರಾಗನ್ಸ್' ಅಚ್ಚಾಗಿ ಬಂತು. ಮರುವರ್ಷದ 'ಬ್ಲ್ಯಾಕ್‌ಮೂರ್' ಪುರವಣಿಯೊಳಗ 'ಟೆಂಪಲ್ ಆಫ್ ದ ಫ್ರಾಗ್' ಬಂತು. ಈ ಆಟಕ್ಕೆ ಅಚ್ಚಾದ ಮೊದಲ ಅಡ್ವೆಂಚರ್ ಅಂತ ಅದನ್ನೇ ಎಣಿಸ್ತಾರ. ಜೌಗು ನೆಲ, ಕಪ್ಪೆ ಪೂಜೆ, ಪೂಜಾರಿಗಳು. ಆದರ ಆ ಗುಡಿಯ ಮುಖ್ಯಸ್ಥ ಬ್ಯಾರೆ ಲೋಕದವ, ಕೈಯಾಗ ಬ್ಯಾರೆ ಲೋಕದ ಯಂತ್ರ! ಒಬ್ಬರ ಮನೆಯಾಗ ಆಡಿದ ಕಲಬೆರಕೆ ಆಟ ಹಂಗೇ ಅಚ್ಚಿಗೆ ಹೋಯ್ತು ನೋಡ್ರಿ.

ಇನ್ನೊಂದು ಅಡ್ವೆಂಚರ್ ನನಗ ಭಾಳ ಮುಖ್ಯ. 1976ರಾಗ ಜೇಮ್ಸ್ ವಾರ್ಡ್ 'ಮೆಟಮಾರ್ಫೋಸಿಸ್ ಆಲ್ಫಾ' ಅನ್ನೋ ಆಟ ಬರೆದ. ಅದರಾಗ ಜನ ತಲೆಮಾರುಗಟ್ಟಲೆ ಒಂದು ದೊಡ್ಡ ಆಕಾಶನೌಕೆಯೊಳಗೇ ಬದುಕ್ಯಾರ, ಅದು ನೌಕೆ ಅನ್ನೋದನ್ನೇ ಮರ್ತಾರ. ಆ ಕಲ್ಪನೆ ಕಂಡು ಗೈಗ್ಯಾಕ್ಸ್ ಅದೇ ವರ್ಷ ಬಾಲ್ಟಿಮೋರ್‌ನ ಒರಿಜಿನ್ಸ್ ಮೇಳದ ಪಂದ್ಯಕ್ಕ ಒಂದು ಕಥೆ ಕಟ್ಟಿದ. 1980ರಲ್ಲಿ ಅದು 'ಎಕ್ಸ್‌ಪೆಡಿಷನ್ ಟು ದ ಬ್ಯಾರಿಯರ್ ಪೀಕ್ಸ್' ಅಂತ ಪುಸ್ತಕ ಆಯ್ತು. ಗುಡ್ಡದೊಳಗಿಂದ ವಿಚಿತ್ರ ಪ್ರಾಣಿಗಳು ಹೊರಗ ಬರ್ತಾವ, ಹೋಗಿ ನೋಡಾಕ ಒಂದು ತಂಡ ಕಳಸ್ತಾರ. ಗುಹೆ ಅಂದ್ಕೊಂಡದ್ದು ಬಿದ್ದು ಹುಗಿದ ಆಕಾಶನೌಕೆ.

ಆ ಪುಸ್ತಕದ ಜೋಡಿ ಬ್ಯಾರೆ ಒಂದು ಚಿತ್ರಪುಸ್ತಿಕೆ ಇತ್ತು. ಯಾಕಂದ್ರ ಮಾಸ್ತರು ಬಾಯಿ ಬಿಟ್ಟು "ಲೇಸರ್ ಗನ್ ಸಿಕ್ತು" ಅಂದ್ರ ಆಟ ಅಲ್ಲಿಗೇ ಮುಗೀತು. ಅದರ ಬದಲಿಗೆ ಚಿತ್ರ ತೋರಿಸಬೇಕು, ಸುಮ್ನ ಕೂಡಬೇಕು. ಪಾತ್ರದವರು ಅದನ್ನ ತಿರುವಿ ನೋಡ್ತಾರ, ಒತ್ತತಾರ, ದಾಳ ಹಾಕ್ತಾರ. ತಿಳಿದ್ರ ತಿಳೀತು, ಇಲ್ಲಂದ್ರ ತಮ್ಮ ಮ್ಯಾಲೇ ಸಿಡೀತದ. 2019ರಾಗ ಗುಡ್‌ಮನ್ ಗೇಮ್ಸ್ ಇದನ್ನ ಆಟದ ಐದನೇ ಆವೃತ್ತಿಗೆ ಹೊಂದಿಸಿ ಮತ್ತ ಅಚ್ಚು ಹಾಕ್ತು. ಲೆಕ್ಕ, ನಿಯಮ ಬದಲಾದ್ವು, ಆ "ಇದು ಏನಿರಬಹುದು" ಅನ್ನೋ ತಡಕಾಟ ಉಳೀತು. ನೀವು ಯಾವ ಸೈನ್ಸ್ ಫ್ಯಾಂಟಸಿ ಅಡ್ವೆಂಚರ್ ಮನೆಗೆ ತಂದ್ರೂ ಹೆಸರು, ಊರು, ದೊರೆ ಎಲ್ಲ ಬದಲು ಮಾಡ್ರಿ, ಇದೊಂದನ್ನ ಮಾತ್ರ ಮುಟ್ಟಬ್ಯಾಡ್ರಿ.

ಈ ತಡಕಾಟ ನಮಗೇನು ಹೊಸದಲ್ಲ. ನಮ್ಮ ಚಿತ್ತಾಪುರ ಕಡೆಯ ಸನ್ನತಿಗೆ ಬರ್ರಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಾಗ ಕಾಳಿ ಗುಡಿ ಇತ್ತು. 1980ರ ದಶಕದಾಗ ಅದರ ಮಾಳಿಗೆ ಕುಸೀತು. ಅವಶೇಷ ತೆಗೆದಾಗ ದೇವಿ ಮೂರ್ತಿಯ ಪೀಠದ ಕಲ್ಲಿನ ಮ್ಯಾಲ ಅಕ್ಷರ ಕಂಡ್ವು: ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಅಶೋಕನ ಶಾಸನ. ಮೂರ್ತಿ ನಿಲ್ಲಿಸಾಕ ಆ ಕಲ್ಲಿನ ನಡುವ ಚೌಕ ತೂತು ಕೊರೆದಿದ್ದರು, ಒಂದಿಷ್ಟು ಅಕ್ಷರ ಅದರಾಗೇ ಹೋಗ್ಯಾವ. ಕೊರೆದವರಿಗೆ ಬೈಯಬ್ಯಾಡ್ರಿ. 14ನೇ ಶತಮಾನದಾಗ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನ ದಿಲ್ಲಿಗೆ ತರಿಸಿದ, ಓದೋರು ಒಬ್ಬರೂ ಸಿಗಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದ್ದು 1837ರಾಗ. ಗಟ್ಟಿ ಚಪ್ಪಟೆ ಕಲ್ಲು ಸಿಕ್ತು, ಪೀಠ ಮಾಡಿದರು. ಬ್ಯಾರಿಯರ್ ಪೀಕ್ಸ್‌ನಾಗ ಪಾತ್ರದವರು ಮಾಡೋದೂ ಇದನ್ನೇ.

ಹಂಗಾರ ನೌಕೆಯನ್ನ ಸನ್ನತಿ ಸ್ತೂಪದ ಕೆಳಗೇ ಇಡೋಣೇನು? ನಮ್ಮ ಗುಂಪಿನಾಗ ಮೊದಲು ಬಂದ ಮಾತು ಅದೇ. ನಾನು ಒಪ್ಪಲಿಲ್ಲ, ಈಗಲೂ ಒಪ್ಪಂಗಿಲ್ಲ. 1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಬರೆದ ಪುಸ್ತಕದಿಂದ ಹಿಡಿದು ಇವತ್ತಿನ ರೀಲ್ಸ್ ತನಕ ಒಂದು ಚಾಳಿ ಅದ: ಹಳೇದು, ದೊಡ್ಡದು ಕಂಡ್ರ ಸಾಕು, "ಇದು ಏಲಿಯನ್ ಕಟ್ಟಿದ್ದು." ಸನ್ನತಿ ಬಾಜೂಕಿನ ಕನಗನಹಳ್ಳಿ ಸ್ತೂಪದ ಕಲ್ಲುಗಳ ಮ್ಯಾಲ ದಾನ ಕೊಟ್ಟವರ ಹೆಸರು ಕೆತ್ಯಾರ್ರಿ. ಭಿಕ್ಷುಗಳು, ಭಿಕ್ಷುಣಿಯರು, ಸಂಸಾರಸ್ಥರು. ಒಂದು ಫಲಕದಾಗ ರಾಜ, ರಾಣಿ, ಸೇವಕಿಯರು ನಿಂತಾರ, ಮ್ಯಾಲ 'ರಾಯೋ ಅಸೋಕೋ' ಅಂತ ಬರೆದದ. ಅಶೋಕನ ಚಿತ್ರಕ್ಕ ಅವನ ಹೆಸರೇ ಬರೆದಿಟ್ಟ ಕಲ್ಲು ಸಿಕ್ಕದ್ದು ನಮ್ಮ ಸೀಮೆಯಾಗ. ಆಟ ಅಂದ್ರೂ, ಇಷ್ಟು ಮಂದಿ ದುಡಿದು ಹೆಸರು ಬರೆಸಿದ್ದನ್ನ ನಾವೇ ಅಳಿಸಿ ಹಸಿರು ಮುಖದವನಿಗೆ ಕೊಡಬೇಕೇನು? ನಮ್ಮ ಜಿಲ್ಲಾದ ಇತಿಹಾಸ ಮೊದಲೇ ಪಾಠಪುಸ್ತಕದಾಗ ಎರಡು ಸಾಲು ಬರ್ತದ.

ಅದಕ್ಕ ನೌಕೆಯನ್ನ ಶಹಾಬಾದ್ ಫರ್ಸಿ ಖಣಿಯಾಗ ಇಟ್ಟೆ. ನಿಮ್ಮ ಮನಿ ನೆಲದಾಗ ಇರೋ ಆ ಫರ್ಸಿ, ವಾಡಿ ಸಿಮೆಂಟಿಗೆ ಹೋಗೋ ಆ ಸುಣ್ಣಕಲ್ಲು, ಡೈನೋಸಾರ್‌ಗಿಂತ ಭಾಳ ಹಳೇದು. ಪದರಿನ ಮ್ಯಾಲ ಪದರು, ನಡುವ ಒಂದು ಕಬ್ಬಿಣದ ಬಾಗಿಲು. ಯಾರ ಹೆಸರೂ ಅಳಿಯಂಗಿಲ್ಲ.

ಕಾಲ 9ನೇ ಶತಮಾನ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಅಂದ್ರ ಸೇಡಂ ಹತ್ತಿರದ ಮಳಖೇಡ. ಪಾತ್ರಗಳು: ಒಬ್ಬ ಕಲ್ಲುಕುಟಿಗ, ಒಬ್ಬಾಕೆ ವೈದ್ಯೆ, ಒಬ್ಬ ಜೈನ ಪಂಡಿತ, ಒಬ್ಬ ಅರಬ್ ವ್ಯಾಪಾರಿ. ವ್ಯಾಪಾರಿ ಯಾಕಂದ್ರ, 851ರ ಅರಬ್ ಬರಹದಾಗ ನಮ್ಮ ರಾಷ್ಟ್ರಕೂಟ ದೊರೆಯನ್ನ 'ಬಲ್ಹರಾ' ಅಂತ ಕರೆದು ಲೋಕದ ನಾಲ್ಕು ದೊಡ್ಡ ಅರಸರಾಗ ಒಬ್ಬ ಅಂತ ಎಣಿಸ್ಯಾರ.

ಅಚ್ಚಾದ ಕಥೆಯಾಗ ನೌಕೆಯ ಬಾಗಿಲು ತೆಗೆಯಾಕ ಬಣ್ಣ ಬಣ್ಣದ ಕಾರ್ಡು ಬೇಕು. ಕಾರ್ಡು ಅಂದ ಕೂಡ್ಲೇ ನಮ್ಮವರ ತಲ್ಯಾಗ ಏಟಿಎಂ ಬರ್ತದ. ನಾನು ಮುದ್ರೆ ಮಾಡಿದೆ. ರಾಷ್ಟ್ರಕೂಟರ ತಾಮ್ರಶಾಸನಕ್ಕ ಗರುಡ ಮುದ್ರೆ ಇರ್ತಿತ್ತು, ಮುದ್ರೆ ಹಿಡಿದವನ ಮಾತು ನಡೀತಿತ್ತು. ಸತ್ತ ಅಧಿಕಾರಿಯ ಕೈಯಾಗಿನ ಮುದ್ರೆ ಕಂಡಕೂಡ್ಲೇ ಪಂಡಿತನಿಗೆ ಕೆಲಸ ತಿಳೀತು, ನಾನು ಏನೂ ಹೇಳೋ ಜರೂರತ್ತು ಬೀಳಲಿಲ್ಲ. ಲಿಫ್ಟಿಗೆ ನಾನು ಹೇಳಿದ್ದು ಇಷ್ಟೇ: "ಸಣ್ಣ ಖೋಲಿ, ಕಿಟಕಿ ಇಲ್ಲ, ಬಾಗಿಲು ತಾನೇ ಮುಚ್ಚಿತು, ಹೊಟ್ಟಿ ಹಗುರ ಆಯ್ತು." ವೈದ್ಯೆ ಎಲ್ಲರ ನಾಡಿ ಹಿಡಿದು ನೋಡಿದಳು!

ಬಂದೂಕಿನ ತಾಪತ್ರಯ ಬ್ಯಾರೆ. ಒಮ್ಮೆ ಕೈಗೆ ಸಿಕ್ರ ಮುಂದಿನ ಎಲ್ಲ ಕಥೆ ಕೆಡ್ತದ, ಯಾವ ಸೈನ್ಯ ಬಂದ್ರೂ ಸುಟ್ಟುಬಿಡ್ತಾರ. ಮೂಲ ಪುಸ್ತಕದಾಗ ಇದಕ್ಕ ಔಷಧ ಅದ: ಶಕ್ತಿಯ ಬಿಲ್ಲೆ ಖಾಲಿ ಆದ್ರ ಆಯುಧ ಬರೀ ತೂಕ. ನಾನು ಬಿಕಾಂ ಹುಡುಗ, ಬಿಲ್ಲೆಗೆ ಸ್ಟಾಕ್ ರಿಜಿಸ್ಟರ್ ಇಟ್ಟೀನಿ. ಆರಂಭ ಶಿಲ್ಕು 9, ಈಗ 2.

ಕೊನೆ ದಿನ ಕಲ್ಲುಕುಟಿಗನಿಗೆ ಒಂದು ಹೊಳೆಯೋ ಫಲಕ ಸಿಕ್ತು, ತುಂಬ ಅಕ್ಷರ. ಪಂಡಿತ ದಾಳ ಹಾಕಿದ, ಬೀಳಲಿಲ್ಲ. ವ್ಯಾಪಾರಿ ಹಾಕಿದ, ಅವನಿಗೂ ಬೀಳಲಿಲ್ಲ. ಕಲ್ಲುಕುಟಿಗ ಅದನ್ನ ಹೊತ್ತು ಮನಿಗೆ ಒಯ್ದು ಬೀಸೋ ಕಲ್ಲಿನ ಕೆಳಗ ಹಾಕ್ಯಾನ. ಅಲುಗಾಡಂಗಿಲ್ಲಂತ, ಚಲೋ ಕೂಡ್ತದಂತ. ಆ ಮನಿ ಎಲ್ಲಿತ್ತು ಅಂತ ನಕ್ಷೆಯಾಗ ಗುರುತು ಹಾಕೀನಿ. ಮುಂದಿನ ಆಟ 1980ರ ದಶಕದಾಗ ಸುರು ಆಗ್ತದ. ಬರೋರು ದಾಳ ತರ್ರಿ, ಚುರುಮುರಿ ನಾನು ತರ್ತೀನಿ.

#ದಾಳದಇತಿಹಾಸ #ಸನ್ನತಿ #ಮಳಖೇಡ #ಗುಂಡಗುರ್ತಿ